ದೂರದ ಬೆಟ್ಟ, ಪಕ್ಕದ ಕಟ್ಟಡ: ಬಿಸಿನೆಸ್ ಸ್ಕೂಲಿನ ಐದು ಬಗೆಯ ಸಹಭಾಗಿತ್ವಗಳ ಹೋಲಿಕೆ

ಹನ್ನೊಂದು ವರ್ಷಗಳಿಂದ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಹಣಕಾಸು ವಿಷಯವನ್ನು ಬೋಧಿಸುತ್ತಿರುವ ನನಗೆ, ಪಾಠದ ಜೊತೆಗೆ ಹೊರಗಿನ ಸಂಸ್ಥೆಗಳೊಂದಿಗಿನ ಸಹಭಾಗಿತ್ವಗಳನ್ನು ನೋಡಿಕೊಳ್ಳುವ ಹೊಣೆಯೂ ಬಂದಿತ್ತು. ಒಂದು ಸೆಮಿಸ್ಟರಿನ ವಿದ್ಯಾರ್ಥಿ ವಿನಿಮಯ, ಜೋಡಿ ಪದವಿ, ಹತ್ತು ದಿನಗಳ ಅಧ್ಯಯನ ಪ್ರವಾಸ, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ಒಂದೇ ಗುಂಪಾಗಿ ಕೆಲಸ ಮಾಡುವ ಕೋರ್ಸು, ಕೊನೆಯದಾಗಿ ನಮ್ಮದೇ ವಿಶ್ವವಿದ್ಯಾಲಯದ ವಿನ್ಯಾಸ ಮತ್ತು ಎಂಜಿನಿಯರಿಂಗ್ ವಿಭಾಗಗಳೊಂದಿಗೆ ಕೂಡಿ ಕಲಿಸುವ ಕೋರ್ಸು, ಈ ಐದನ್ನೂ ಒಂದಲ್ಲ ಒಂದು ಹಂತದಲ್ಲಿ ಖುದ್ದಾಗಿ ನಡೆಸಿ ನೋಡಿದ್ದೇನೆ. ಸಹಭಾಗಿ ಸಂಸ್ಥೆಯ ಹೆಸರು, ರ‍್ಯಾಂಕಿಂಗಿನಲ್ಲಿ ಅದರ ಸ್ಥಾನ, ಒಡಂಬಡಿಕೆಗೆ ಸಹಿ ಹಾಕಿದವರ ಹುದ್ದೆ ಇತ್ಯಾದಿಗಳಿಂದಲೇ ಇವುಗಳ ತೂಕವನ್ನು ಅಳೆಯುವ ಅಭ್ಯಾಸ ಮೊದಲು ನನಗೂ ಇತ್ತು. ಈಗ ನಾನು ಕೇಳುವುದು ಒಂದೇ ಪ್ರಶ್ನೆ: ವಿದ್ಯಾರ್ಥಿಗಳು ಮಾಡಿದ ಒಂದು ಕೆಲಸದ ಮುಂದೆ ಎರಡೂ ಕಡೆಯ ಅಧ್ಯಾಪಕರು ಒಟ್ಟಿಗೆ ಕುಳಿತು ಒಂದೇ ಅಂಕವನ್ನು ಒಪ್ಪುತ್ತಾರೆಯೇ?

ಈ ಅಳತೆಗೋಲಿನಲ್ಲಿ ವಿದ್ಯಾರ್ಥಿ ವಿನಿಮಯಕ್ಕೆ ಹೆಚ್ಚು ಬೆಲೆ ಸಿಗುವುದಿಲ್ಲ, ಆದರೆ ಅದರಷ್ಟು ಸುಗಮವಾಗಿ ನಡೆಯುವ ಏರ್ಪಾಡು ಬೇರೊಂದಿಲ್ಲ ಎಂಬುದೂ ನಿಜ. ಅದಕ್ಕೆ ಕಾರಣ ದಾರಿ ಈಗಾಗಲೇ ಸವೆದಿರುವುದು. ಯುರೋಪಿನಲ್ಲಿ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಆರಂಭವಾದದ್ದು 1987ರಲ್ಲಿ. ಅಲ್ಲಿನ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಶ್ರಮ ಎಂದು ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಎರಡೂ ಕಡೆಯಿಂದ ಸಮಸಂಖ್ಯೆಯ ವಿದ್ಯಾರ್ಥಿಗಳು ಹೋಗಿಬಂದರೆ ಶುಲ್ಕದ ಜಗಳವೂ ಹುಟ್ಟುವುದಿಲ್ಲ. ನಮ್ಮ ಮೊದಲ ವಿನಿಮಯ ಒಪ್ಪಂದ ಏಳು ತಿಂಗಳಲ್ಲಿ ಕುದುರಿತು.

ತೊಡಕು ಕಾಣಿಸಿದ್ದು ವಿದ್ಯಾರ್ಥಿಗಳು ಹಿಂದಿರುಗಿದ ಮೇಲೆ. ಫ್ರಾನ್ಸಿಗೆ ಹೋಗಿದ್ದ ಒಬ್ಬ ವಿದ್ಯಾರ್ಥಿನಿ ಒಂದು ವಿಷಯದಲ್ಲಿ 20ಕ್ಕೆ 14 ಅಂಕ ಪಡೆದು ಬಂದಳು. ಅಲ್ಲಿ 10 ಬಂದರೆ ಉತ್ತೀರ್ಣ, 14 ಎಂದರೆ ಮೆಚ್ಚುಗೆಯ ದರ್ಜೆ, 16 ದಾಟುವವರು ವಿರಳ. ನಮ್ಮ ಕಚೇರಿಯಲ್ಲಿ ಅದನ್ನು ಐದರಿಂದ ಗುಣಿಸಿ 70 ಎಂದು ದಾಖಲಿಸಿದರು. ನಮ್ಮ ತರಗತಿಯ ಲೆಕ್ಕದಲ್ಲಿ 70 ಎಂದರೆ ನಡುಸಾಲಿನ ವಿದ್ಯಾರ್ಥಿ. ಆ ಒಂದು ಗುಣಾಕಾರದಿಂದ ಅವಳ ಕೈಗೆ ಬರಬೇಕಿದ್ದ ವಿದ್ಯಾರ್ಥಿವೇತನ ತಪ್ಪಿಹೋಯಿತು. ಜರ್ಮನಿಯಿಂದ ಬಂದ ಅಂಕಪಟ್ಟಿಗಳಲ್ಲಿ 1.0 ಅತ್ಯುತ್ತಮ, 4.0ರ ಆಚೆಗೆ ಅನುತ್ತೀರ್ಣ; ಇಟಲಿಯದರಲ್ಲಿ 30ಕ್ಕೆ 18 ಬಂದರೆ ಪಾಸು. ಇವನ್ನು ಸರಳ ಗಣಿತದಿಂದ ಪರಿವರ್ತಿಸಲಾಗದು. ಅಲ್ಲಿನ ತರಗತಿಯಲ್ಲಿ ಎಷ್ಟು ಶೇಕಡಾ ಮಂದಿಗೆ ಆ ಅಂಕ ಬರುತ್ತದೆಂಬ ಕೋಷ್ಟಕವನ್ನು ತರಿಸಿ, ನಮ್ಮ ಕೋಷ್ಟಕದ ಪಕ್ಕದಲ್ಲಿಟ್ಟು ನೋಡಬೇಕು. ನಾವು ಈ ಕ್ರಮವನ್ನು ಜಾರಿಗೆ ತರುವ ಹೊತ್ತಿಗೆ ಅವಳು ಪದವಿ ಮುಗಿಸಿ ಹೊರಟುಹೋಗಿದ್ದಳು. ವಿನಿಮಯದ ಮಿತಿಯೂ ಇಲ್ಲೇ ಇದೆ. ವಿದ್ಯಾರ್ಥಿ ಗಡಿ ದಾಟುತ್ತಾನೆ, ಅಧ್ಯಾಪಕರು ಇದ್ದಲ್ಲೇ ಇರುತ್ತಾರೆ. ಫ್ರಾನ್ಸಿನಲ್ಲಿ ಅವಳಿಗೆ ಪಾಠ ಹೇಳಿದವರೊಂದಿಗೆ ನಾನು ಒಂದು ಮಾತನ್ನೂ ಆಡಿರಲಿಲ್ಲ.

ಜೋಡಿ ಪದವಿಯ ಮಾತು ಬಂದಾಗ ಎರಡು ಬೇರೆ ವಸ್ತುಗಳನ್ನು ಒಂದೆಂದು ತಿಳಿಯುವುದು ಸಾಮಾನ್ಯ. ಹಲವು ಶಾಲೆಗಳು ಕೂಡಿ ಒಂದೇ ಪದವಿಯನ್ನು ಕೊಡುವುದು ಜಂಟಿ ಪದವಿ. 2001ರಲ್ಲಿ ತರಗತಿ ಆರಂಭಿಸಿದ ಟ್ರಿಯಂ ಎಂಬ ಎಂಬಿಎ ಕಾರ್ಯಕ್ರಮದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಶಾಲೆ, ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಮತ್ತು ಎಚ್‌ಇಸಿ ಪ್ಯಾರಿಸ್ ಸೇರಿ ಮಾಡಿದ್ದು ಇದನ್ನೇ. ಇನ್ನೊಂದು ಬಗೆಯಲ್ಲಿ ಎರಡು ಶಾಲೆಗಳು ತಮ್ಮ ತಮ್ಮ ಪದವಿಗಳನ್ನು ಪ್ರತ್ಯೇಕವಾಗಿ ಕೊಡುತ್ತವೆ, ಒಂದು ಕಡೆ ಗಳಿಸಿದ ಕ್ರೆಡಿಟ್ಟುಗಳನ್ನು ಇನ್ನೊಂದು ಕಡೆಯಲ್ಲಿಯೂ ಎಣಿಕೆಗೆ ತೆಗೆದುಕೊಳ್ಳುತ್ತವೆ. ನಾವು ಮಾಡಿದ್ದು ಎರಡನೆಯದನ್ನು. ಮೂರು ವರ್ಷಗಳ ಸಮಿತಿ ಸಭೆಗಳಲ್ಲಿ ನಾವು ಚರ್ಚಿಸಿದ್ದು ಬಹುಪಾಲು ಯಾವ ವಿಷಯ ಯಾವುದಕ್ಕೆ ಸಮ ಎಂಬುದನ್ನೇ. ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಹೊಸದಾಗಿ ಏನನ್ನು ಕಲಿಯಬೇಕೆಂಬ ಮಾತು ನನಗೆ ನೆನಪಿರುವಂತೆ ಒಂದೇ ಒಂದು ಮಧ್ಯಾಹ್ನ ಬಂತು. ಕೊನೆಗೆ ಹೊರಬಿದ್ದವರ ಕೈಯಲ್ಲಿ ಎರಡು ಪ್ರಮಾಣಪತ್ರಗಳಿದ್ದವು, ಓದು ಮಾತ್ರ ಒಂದೂಕಾಲು ಪದವಿಯದು. ಬಾರ್ಸಿಲೋನಾದ ಎಸಾಡೆ, ಎಚ್‌ಇಸಿ ಪ್ಯಾರಿಸ್, ಮಿಲಾನಿನ ಬೊಕ್ಕೋನಿ ಮತ್ತು ಕಲೋನ್ ವಿಶ್ವವಿದ್ಯಾಲಯಗಳು 1988ರಲ್ಲಿ ಕಟ್ಟಿದ ಸೆಮ್ಸ್ ಒಕ್ಕೂಟ ಈ ಗುಂಡಿಗೆ ಬೀಳದಿರುವುದಕ್ಕೆ ಕಾರಣ, ಪಾಲುದಾರ ಶಾಲೆಯಲ್ಲಿ ಒಂದು ಅವಧಿಯ ಓದಿನ ಜೊತೆಗೆ ಕಂಪನಿಯೊಂದಿಗಿನ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ಪುಗಳನ್ನೂ ಸಮಾನ ಕಡ್ಡಾಯಗಳನ್ನಾಗಿ ಇಟ್ಟಿರುವುದು ಎಂದು ನನ್ನ ಅಭಿಪ್ರಾಯ.

ಅಧ್ಯಯನ ಪ್ರವಾಸದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹತ್ತು ದಿನ, ಆರು ಕಂಪನಿಗಳ ಸಭಾಂಗಣಗಳು, ಆರೂ ಕಡೆ ಸ್ವಾಗತದ ಸ್ಲೈಡುಗಳು, ಒಂದು ಗುಂಪುಚಿತ್ರ. ಇದನ್ನು ಸಹಭಾಗಿತ್ವ ಎನ್ನುವುದಕ್ಕಿಂತ ಆತಿಥ್ಯ ಎನ್ನುವುದು ಸರಿ.

ಆನ್‌ಲೈನ್ ಗುಂಪುಗಳ ಕೋರ್ಸನ್ನು ನಾನು ಅರೆಮನಸ್ಸಿನಿಂದ ಒಪ್ಪಿಕೊಂಡಿದ್ದೆ. ಈ ಕಲ್ಪನೆ ಹೊಸದಲ್ಲ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಕೇಂದ್ರವನ್ನು 2006ರಲ್ಲಿ ತೆರೆದಿತ್ತು, 2010ರಲ್ಲಿ ಆರಂಭವಾದ ಎಕ್ಸ್-ಕಲ್ಚರ್ ಯೋಜನೆಯಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳು ಸಣ್ಣ ತಂಡಗಳಾಗಿ ವಾರಗಟ್ಟಲೆ ನಿಜವಾದ ವ್ಯವಹಾರ ಸಮಸ್ಯೆಗಳ ಮೇಲೆ ಕೆಲಸ ಮಾಡುತ್ತಾರೆ. ನಮ್ಮದು ಮೂರು ಶಾಲೆಗಳ ಏರ್ಪಾಡು: ಯುರೋಪಿನ ಒಂದು, ಕೆನಡಾದ ಒಂದು ಮತ್ತು ನಾವು. ವಿಮಾನದ ಖರ್ಚಿಲ್ಲ, ವೀಸಾ ಇಲ್ಲ, ವಿದೇಶಕ್ಕೆ ಹೋಗುವ ಅನುಕೂಲವಿಲ್ಲದ ವಿದ್ಯಾರ್ಥಿಯೂ ಇಲ್ಲಿ ಸಮಾನ ಪಾಲುದಾರ. ಇಷ್ಟನ್ನು ಉಳಿದ ಯಾವ ಬಗೆಯೂ ಕೊಡಲಾರದು.

ಒಂದು ತಂಡದ ವರದಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೆನಡಾದ ಸದಸ್ಯೆ ಮಾರ್ಚ್ ತಿಂಗಳಲ್ಲಿ ಸಭೆಗಳಿಗೆ ಬರಲೇ ಇಲ್ಲವೆಂದು ದೂರಿದ್ದ ಆ ವರದಿ, ಅದಕ್ಕೆ ಕಾರಣವನ್ನು, ದೇಶದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಹೋಲಿಸಿದ ಡಚ್ ವಿದ್ವಾಂಸ ಗೀರ್ಟ್ ಹೋಫ್‌ಸ್ಟೆಡ್ ಅವರ ಸಾಂಸ್ಕೃತಿಕ ಆಯಾಮಗಳಲ್ಲಿ ಹುಡುಕಿ, ವ್ಯಕ್ತಿವಾದ ಹೆಚ್ಚಿರುವ ಸಮಾಜದವರಿಗೆ ಗುಂಪಿನ ಸಮಯದ ಬಗ್ಗೆ ಕಾಳಜಿ ಕಡಿಮೆ ಎಂದು ಒಂದು ಪುಟದಷ್ಟು ಬರೆದಿತ್ತು. ನಾನು ಸಭೆಗಳ ದಾಖಲೆಯನ್ನು ತೆರೆದು ನೋಡಿದೆ. ಕೆನಡಾದ ಬಹುಭಾಗದಲ್ಲಿ ಬೇಸಿಗೆ ಕಾಲಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು ಮಾರ್ಚಿನ ಎರಡನೆಯ ಭಾನುವಾರ; ಯುರೋಪಿನಲ್ಲಿ ಕೊನೆಯ ಭಾನುವಾರ; ನಮ್ಮಲ್ಲಿ ಬದಲಾಯಿಸುವ ಪದ್ಧತಿಯೇ ಇಲ್ಲ. ಆ ಹುಡುಗಿ ತನ್ನ ಗಡಿಯಾರದ ಪ್ರಕಾರ ಎರಡು ವಾರವೂ ಸರಿಯಾದ ಸಮಯಕ್ಕೆ, ಎಂದರೆ ಉಳಿದವರಿಗಿಂತ ಒಂದು ಗಂಟೆ ಮೊದಲೇ ಬಂದು, ಖಾಲಿ ತೆರೆಯ ಮುಂದೆ ಇಪ್ಪತ್ತು ನಿಮಿಷ ಕಾದು ಹೋಗಿದ್ದಳು. ಮೂರೂ ಶಾಲೆಯ ಅಧ್ಯಾಪಕರು ಆ ವರದಿಯನ್ನು ಒಟ್ಟಿಗೆ ಓದಿದ್ದರಿಂದ ಇದು ಬಯಲಾಯಿತು. ಪ್ರತ್ಯೇಕವಾಗಿ ಓದಿದ್ದರೆ ನಾನು ಆ ಪುಟಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆನೇನೋ. ಮೊದಲ ವರ್ಷ ಮೂವರೂ ನಮ್ಮ ನಮ್ಮ ವಿದ್ಯಾರ್ಥಿಗಳಿಗೆ ಬೇರೆ ಬೇರೆಯಾಗಿ ಅಂಕ ಕೊಟ್ಟಿದ್ದೆವು. ಒಂದು ಶಾಲೆಯಲ್ಲಿ ಈ ಕೆಲಸಕ್ಕೆ ಶೇ. 40, ಇನ್ನೊಂದರಲ್ಲಿ ಶೇ. 10 ತೂಕವಿತ್ತು. ಶೇ. 10ರವರು ಐದನೆಯ ವಾರಕ್ಕೆ ಮಾಯವಾದರು. ಎರಡನೆಯ ವರ್ಷ ತೂಕವನ್ನು ಸಮ ಮಾಡಿ, ತಂಡಕ್ಕೆ ಒಂದೇ ಅಂಕವೆಂದು ಗೊತ್ತುಪಡಿಸಿದ ಮೇಲೆ ಹೀಗೆ ಮಾಯವಾಗುವುದು ಬಹುಮಟ್ಟಿಗೆ ನಿಂತಿತು.

ಇನ್ನು ಪಕ್ಕದ ಕಟ್ಟಡದ ಮಾತು. ವಿಷಯಗಳ ಗಡಿಯನ್ನು ದಾಟಲು ಕೆಲವು ಕಡೆ ಇಡೀ ಸಂಸ್ಥೆಯನ್ನೇ ಮರುಕಟ್ಟಿದ್ದಾರೆ. ಹೆಲ್ಸಿಂಕಿಯ ಅರ್ಥಶಾಸ್ತ್ರ ಶಾಲೆ, ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಕಲೆ-ವಿನ್ಯಾಸ ವಿಶ್ವವಿದ್ಯಾಲಯಗಳು ವಿಲೀನವಾಗಿ 2010ರಲ್ಲಿ ಆಲ್ಟೊ ವಿಶ್ವವಿದ್ಯಾಲಯವಾಯಿತು. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯವಾದ ಎಂಐಟಿಯಲ್ಲಿ ಎಂಬಿಎ ಮತ್ತು ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗಳನ್ನು ಒಟ್ಟಿಗೆ ಕೊಡುವ ಕಾರ್ಯಕ್ರಮ 1988ರಿಂದ ನಡೆಯುತ್ತಿದೆ. ನಮ್ಮ ಆಸೆ ಅಷ್ಟು ದೊಡ್ಡದಾಗಿರಲಿಲ್ಲ. ಮೂರು ವಿಭಾಗಗಳ ಒಂದು ಕೋರ್ಸು ಸಾಕಿತ್ತು. ಖಂಡಾಂತರದ ಒಪ್ಪಂದ ಏಳು ತಿಂಗಳಲ್ಲಿ ಕುದುರಿತ್ತೆಂದೆನಲ್ಲ, ಇದಕ್ಕೆ ಹತ್ತೊಂಬತ್ತು ತಿಂಗಳು ಬೇಕಾಯಿತು. ವಿನ್ಯಾಸದವರ ಸ್ಟುಡಿಯೋ ನಾಲ್ಕು ಗಂಟೆಯದು, ನಮ್ಮ ಪಿರಿಯಡ್ಡು ಎಪ್ಪತ್ತೈದು ನಿಮಿಷದ್ದು. ಮೂವರು ಅಧ್ಯಾಪಕರೂ ಎಲ್ಲ ತರಗತಿಗಳಲ್ಲಿ ಕುಳಿತರೂ ಬೋಧನೆಯ ಹೊರೆಯನ್ನು ಮಾತ್ರ ಮೂರರಿಂದ ಭಾಗಿಸಿ ಬರೆಯಬೇಕೆಂಬ ನಿಯಮವಿತ್ತು. ಪರದೇಶದೊಡನೆ ವ್ಯವಹರಿಸಲು ನಮ್ಮಲ್ಲಿ ಒಂದು ಕಚೇರಿ, ನಮೂನೆ, ಮುದ್ರೆ ಎಲ್ಲವೂ ಇದ್ದವು. ಪಕ್ಕದ ವಿಭಾಗದೊಡನೆ ವ್ಯವಹರಿಸಲು ಏನೂ ಇರಲಿಲ್ಲ.

ಮೊದಲ ಅರ್ಧ ಸೆಮಿಸ್ಟರು ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ನಡೆಯಿತು. 'ಪ್ರೋಟೋಟೈಪ್' ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಹತ್ತು ಸ್ಲೈಡುಗಳು, ವಿನ್ಯಾಸದವರಿಗೆ ರಟ್ಟು ಮತ್ತು ಅಂಟು, ಎಂಜಿನಿಯರುಗಳಿಗೆ ವಿದ್ಯುತ್ ಹರಿದು ದೀಪ ಹತ್ತಿದ ಮೇಲಿನ ವಸ್ತು. ಒಂದು ತಂಡ ವಯಸ್ಸಾದವರಿಗೆ ಮಾತ್ರೆಯ ಹೊತ್ತನ್ನು ನೆನಪಿಸುವ ಡಬ್ಬಿಯೊಂದನ್ನು ಮಾಡಿತ್ತು. ಅಂಕ ನಿರ್ಧರಿಸಲು ಕುಳಿತಾಗ 20ಕ್ಕೆ ನಾನು 17 ಬರೆದಿದ್ದೆ, ವಿನ್ಯಾಸದ ಅಧ್ಯಾಪಕಿ 8, ಎಂಜಿನಿಯರಿಂಗ್ ಸಹೋದ್ಯೋಗಿ 13. ಸರಾಸರಿ ತೆಗೆದು ಎದ್ದುಬಿಡೋಣವೆಂದು ನಾನೇ ಹೇಳಿದೆ. ಆಕೆ ಒಪ್ಪಲಿಲ್ಲ. "ಮೊದಲ ವರ್ಷ ನಲವತ್ತು ಸಾವಿರ ಡಬ್ಬಿ ಮಾರಾಟವಾಗುತ್ತದೆ ಅಂತ ಇದೆಯಲ್ಲ ಸಾರ್, ಅದು ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ಎಕ್ಸೆಲ್ ಹಾಳೆಯ ಆ ಚೌಕದ ಮೇಲೆ ಒತ್ತಿದೆ. ಸೂತ್ರವಿರಲಿಲ್ಲ, ಯಾರೋ ಬೆರಳಲ್ಲಿ ಒತ್ತಿದ ಅಂಕಿ. ಮುಂದಿನ ವರ್ಷಗಳ ನಗದು ಹರಿವು, ಅದನ್ನು ಇಂದಿನ ಬೆಲೆಗೆ ಇಳಿಸುವ ವಟ್ಟದ ದರ, ಹಾಗೆ ಇಳಿಸಿ ಖರ್ಚು ಕಳೆದು ಉಳಿಯುವ ನಿವ್ವಳ ವರ್ತಮಾನ ಮೌಲ್ಯ ಎಲ್ಲವನ್ನೂ ನಾನು ಒಂದೊಂದಾಗಿ ಪರೀಕ್ಷಿಸಿದ್ದೆ, ಎಲ್ಲವೂ ಸರಿಯಿದ್ದವು, ಅವೆಲ್ಲ ನಿಂತಿದ್ದ ನೆಲವನ್ನು ಮಾತ್ರ ನೋಡಿರಲಿಲ್ಲ. ಅದೇ ತಂಡದ ವಿನ್ಯಾಸ ವಿದ್ಯಾರ್ಥಿಗಳು ಹನ್ನೊಂದು ಮಂದಿ ಹಿರಿಯರ ಜೊತೆ ಕುಳಿತು ಬಂದಿದ್ದರು. ಅವರಲ್ಲಿ ನಾಲ್ವರಿಗೆ ಕೈ ನಡುಗುತ್ತಿದ್ದುದರಿಂದ ಮುಚ್ಚಳ ತೆಗೆಯಲಾಗಿರಲಿಲ್ಲ. ಆ ಸಂಗತಿ ಅವರ ಟಿಪ್ಪಣಿಯಲ್ಲಿತ್ತು, ನಮ್ಮ ವಿದ್ಯಾರ್ಥಿಗಳ ಹಾಳೆಗೆ ದಾಟಿ ಬಂದಿರಲಿಲ್ಲ. ಪ್ರತಿಯಾಗಿ, ಮುಚ್ಚಳಕ್ಕೆ ಆಕೆ ಸೂಚಿಸಿದ್ದ ಆಯಸ್ಕಾಂತದ ಚಿಲಕ ಡಬ್ಬಿಯ ಲಾಭವನ್ನೆಲ್ಲ ನುಂಗಿಬಿಡುತ್ತದೆಂದು ನಾನು ಲೆಕ್ಕ ತೋರಿಸಿದೆ. ಎರಡೂವರೆ ಗಂಟೆಯ ನಂತರ ಮೂವರೂ 11ಕ್ಕೆ ಬಂದೆವು. ಬೇರೆ ದೇಶದ ಸಂಸ್ಥೆಗಳೊಂದಿಗೆ ನಡೆಸಿದ ಅಷ್ಟೂ ವ್ಯವಹಾರದಲ್ಲಿ ನನ್ನದೇ ಪಾಠವನ್ನು ಹೀಗೆ ತಿರುಗಿ ನೋಡಬೇಕಾದ ಸಂದರ್ಭ ನನಗೆ ಬಂದಿರಲಿಲ್ಲ.

ಹೊಸದಾಗಿ ಆರಂಭಿಸುವವರಿಗೆ ಹಣಕ್ಕಿಂತ ಸಮಯ ಹೆಚ್ಚಿದ್ದರೆ ನಾನು ಪಕ್ಕದ ಕಟ್ಟಡವನ್ನೇ ತೋರಿಸುತ್ತೇನೆ. ಎರಡೂ ಕಡಿಮೆಯಿದ್ದರೆ ಆನ್‌ಲೈನ್ ಗುಂಪುಗಳನ್ನು. ವಿನಿಮಯವನ್ನು ಬಿಡಬಾರದು, ಏಕೆಂದರೆ ಒಬ್ಬಂಟಿಯಾಗಿ ಬೇರೆ ದೇಶದಲ್ಲಿ ಐದು ತಿಂಗಳು ಬದುಕಿ ಬಂದ ವಿದ್ಯಾರ್ಥಿಯಲ್ಲಿ ಆಗುವ ಬದಲಾವಣೆ ನಮ್ಮ ಅಂಕಗಳಿಗೆ ಸಿಕ್ಕದ್ದು. ಅದನ್ನು ಸಹಭಾಗಿತ್ವವೆಂದು ವಾರ್ಷಿಕ ವರದಿಯಲ್ಲಿ ಎಣಿಸುವುದಕ್ಕಷ್ಟೇ ನನ್ನ ಆಕ್ಷೇಪ. ಜೋಡಿ ಪದವಿಗೆ ಮತ್ತೆ ಕೈ ಹಾಕಲಾರೆ. ಪ್ರವಾಸವನ್ನು ಮೂರು ವರ್ಷಗಳ ಹಿಂದೆಯೇ ನಿಲ್ಲಿಸಿದೆವು, ಅದಕ್ಕಾಗಿ ವಿದ್ಯಾರ್ಥಿಗಳಿಂದ ಮನವಿಗಳು ಇನ್ನೂ ಬರುತ್ತಿವೆ.

ಬರುವ ಸೆಮಿಸ್ಟರಿನಲ್ಲಿ ಪಕ್ಕದ ಕಟ್ಟಡದ ಕೋರ್ಸು ಮತ್ತು ಆನ್‌ಲೈನ್ ಗುಂಪುಗಳು ಎಂಬ ಎರಡು ಬಗೆಗಳನ್ನೂ ಕೂಡಿಸಿ, ಇನ್ನೊಂದು ದೇಶದ ವಿನ್ಯಾಸ ಶಾಲೆಯೊಂದಿಗೆ ಆನ್‌ಲೈನ್ ತಂಡಗಳನ್ನು ಮಾಡುತ್ತಿದ್ದೇವೆ. ಒಡಂಬಡಿಕೆಯ ಕರಡು ಇನ್ನೂ ಕಾನೂನು ವಿಭಾಗದಲ್ಲಿದೆ. ಅಂಕ ನಿರ್ಧಾರದ ಸಭೆಯ ದಿನ ಮಾತ್ರ ಆಗಲೇ ಗೊತ್ತಾಗಿದೆ: ಏಪ್ರಿಲಿನ ಮೂರನೆಯ ವಾರ, ಎರಡೂ ಕಡೆಯ ಗಡಿಯಾರಗಳು ನೆಲೆಗೆ ನಿಂತ ಮೇಲೆ, ಮೂರು ಗಂಟೆಗಳ ಅವಧಿ.