ಅಮೆರಿಕದ ಹಳೇ ಸಿಪಾಯಿ-ರೈತರ ಜಾಡು ಹಿಡಿಯೋಕೆ ನ್ಯಾಷನಲ್ ಆರ್ಕೈವ್ಸ್ ಮತ್ತು ಫ್ಯಾಮಿಲಿಸರ್ಚ್: ನನ್ನ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಎರಡಕ್ಕೂ ಸೇರಿಸಿ ಐದಕ್ಕೆ ನಾಲ್ಕೂವರೆ ಸ್ಟಾರ್. ನ್ಯಾಷನಲ್ ಆರ್ಕೈವ್ಸ್ ಅಂದ್ರೆ ಅಮೆರಿಕ ಸರ್ಕಾರದ ಹಳೇ ದಾಖಲೆ ಭಂಡಾರ, ಫ್ಯಾಮಿಲಿಸರ್ಚ್ ಅಂದ್ರೆ ವಂಶದ ದಾಖಲೆ ಹುಡುಕೋ ಸೈಟ್, ಎರಡೂ ಫ್ರೀ. ದುಡ್ಡು ಕಟ್ಟೋ ಸೈಟ್‌ಗಳಿಗೆ ಕಾರ್ಡ್ ನಂಬರ್ ಕೊಡೋಕೆ ಮುಂಚೆ ಇವೆರಡನ್ನ ಪೂರ್ತಿ ಜಾಲಾಡಿ ನೋಡಿ ಅನ್ನೋದಷ್ಟೇ ನನ್ನ ಮಾತು.

ನಮ್ಮ ಮನೆಯವರು ಮೇಯ್ನ್ ರಾಜ್ಯದ ಕಡೆಯವರು, ಅವರ ಅಪ್ಪನ ಕಡೆ ತಲೆತಲಾಂತರದಿಂದ ಹೊಲ ಉತ್ತವರು. ಅದರಲ್ಲಿ ಒಬ್ಬ ಹಿರೀಕ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಪಾಯಿ ಆಗಿದ್ದ, ಯುದ್ಧ ಮುಗಿದ ಮೇಲೆ ಕಾಡು ಕಡಿದು ಜಮೀನು ಮಾಡ್ಕೊಂಡ ಅಂತ ಮನೇಲಿ ಒಂದು ಮಾತಿತ್ತು, ಅಷ್ಟೇ, ನಂಬೋಂಥ ದಾಖಲೆ ಏನೂ ಇರ್ಲಿಲ್ಲ. ನಮ್ಮ ಮಕ್ಕಳಿಗೆ ನನ್ನ ಕಡೆಯ ಅಜ್ಜ ಮುತ್ತಜ್ಜರ ಕಥೆ ಹಾಸನದ ಅತ್ತೆ ಬಾಯಲ್ಲಿ ಬೇಕಾದಷ್ಟು ಸಿಗತ್ತೆ, ಅಪ್ಪನ ಕಡೆ ಮಾತ್ರ ಖಾಲಿ, ಅದು ನನಗೆ ಸರಿ ಅನ್ನಿಸ್ತಿರ್ಲಿಲ್ಲ. ಅಮೆರಿಕದಲ್ಲಿ ಸಂಬಂಧ ಬೆಳೆಸಿರೋ ಕನ್ನಡದವರು ಈಗ ತುಂಬಾ ಜನ ಇದೀವಿ, ನಿಮ್ಮಲ್ಲೂ ಯಾರಿಗಾದ್ರೂ ಇದೇ ಥರ ಕುತೂಹಲ ಇದ್ರೆ ಇದು ಉಪಯೋಗಕ್ಕೆ ಬರಬಹುದು.

ಯಾವ ಸರ್ವೀಸ್ ಎಷ್ಟು ನಂಬಬಹುದು ಅಂತ ನೋಡೋಕೆ ನಾನು ಮೊದಲು ನಮ್ಮವರ ಹೆಸರು ಹಾಕಲಿಲ್ಲ. ಬದುಕು ಪೂರ್ತಿ ಗೊತ್ತಿರೋ ಒಬ್ಬ ಸಿಪಾಯಿಯನ್ನ ತಗೊಂಡೆ, ಜೋಸೆಫ್ ಪ್ಲಂಬ್ ಮಾರ್ಟಿನ್. 1760ರಲ್ಲಿ ಮ್ಯಾಸಚೂಸೆಟ್ಸ್‌ನ ಬೆಕೆಟ್‌ನಲ್ಲಿ ಹುಟ್ಟಿದವನು, ಕನೆಕ್ಟಿಕಟ್‌ನ ಮಿಲ್ಫರ್ಡ್‌ನಲ್ಲಿ ತಾಯಿಯ ಅಪ್ಪ ಅಮ್ಮನ ಹತ್ರ ಬೆಳೆದವನು, 1776ರಲ್ಲಿ ಹದಿನೈದು ವಯಸ್ಸಿಗೇ ಸೈನ್ಯ ಸೇರಿದ. ಆರು ತಿಂಗಳು ಮುಗಿಸಿ ಮನೆಗೆ ಬಂದು 1777ರಲ್ಲಿ ಮತ್ತೆ ಹೋದ, ಈ ಸಲ ಯುದ್ಧ ಮುಗಿಯೋವರೆಗೂ. ಫೋರ್ಟ್ ಮಿಫ್ಲಿನ್‌ನ ಮುತ್ತಿಗೆ, ಮಾನ್ಮತ್ ಕಾಳಗ, ಕೊನೆಗೆ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಂದಕ ತೋಡೋ ದಳದಲ್ಲಿ ಸಾರ್ಜೆಂಟ್. 1783ರಲ್ಲಿ ಬಿಡುಗಡೆ ಆಯ್ತು, ಆಮೇಲೆ ಮೇಯ್ನ್‌ಗೆ ಹೋಗಿ ಪೆನಾಬ್‌ಸ್ಕಾಟ್ ನದಿ ಸಮುದ್ರ ಸೇರೋ ಜಾಗದ ಹತ್ರ ಜಮೀನು ಹಿಡಿದ, ಆ ಊರಿಗೆ ಮುಂದೆ ಪ್ರಾಸ್ಪೆಕ್ಟ್ ಅಂತ ಹೆಸರಾಯ್ತು. 1794ರಲ್ಲಿ ಮದುವೆ. ಊರಿನ ಗುಮಾಸ್ತನಾಗಿ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕೆಲಸ ಮಾಡ್ದ, 1830ರಲ್ಲಿ ತನ್ನ ಸೈನ್ಯದ ದಿನಗಳ ನೆನಪನ್ನ ಹೆಸರು ಹಾಕದೆ ಅಚ್ಚು ಹಾಕಿಸ್ದ, 1850ರಲ್ಲಿ ತೀರ್ಕೊಂಡ. ಇವತ್ತು ಆ ಯುದ್ಧದ ಮಾಮೂಲಿ ಸಿಪಾಯಿ ಹೆಂಗೆ ಬದುಕಿದ ಅಂತ ಯಾರೇ ಮಾತಾಡಿದ್ರೂ ಇವನ ಮಾತು ಬರತ್ತೆ.

ಈಗ ನ್ಯಾಷನಲ್ ಆರ್ಕೈವ್ಸ್‌ಗೆ ಬರೋಣ. ಅವರ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಸ್ವಾತಂತ್ರ್ಯ ಯುದ್ಧದ ಪಿಂಚಣಿ ಫೈಲ್‌ಗಳು ಇವೆ, ಮೈಕ್ರೋಫಿಲ್ಮ್‌ನಲ್ಲಿ 2,670 ರೋಲ್, ಹತ್ತಿರ ಹತ್ತಿರ 80,000 ಫೈಲ್. ಜನ ಸಾಮಾನ್ಯವಾಗಿ ಇದನ್ನ ಸೈನಿಕರ ದಾಖಲೆ ಅಂದ್ಕೊಂಡು ಯಾವ ರೆಜಿಮೆಂಟ್ ಯಾವ ಕ್ಯಾಪ್ಟನ್ ಅಂತ ಬರ್ಕೊಂಡು ಮುಚ್ಚಿಬಿಡ್ತಾರೆ. ನನಗನ್ಸೋದು, ರೈತನನ್ನ ಹುಡುಕೋರಿಗೇ ಇದಕ್ಕಿಂತ ಒಳ್ಳೇ ದಾಖಲೆ ಇಲ್ಲ. ಯಾಕೆ ಅಂದ್ರೆ 1818ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡ್ತು, ಕಾಂಟಿನೆಂಟಲ್ ಸೈನ್ಯದಲ್ಲಿ (ಎಲ್ಲ ರಾಜ್ಯಗಳ ಪರವಾಗಿ ಕಟ್ಟಿದ್ದ ಮುಖ್ಯ ಸೈನ್ಯ) ಕನಿಷ್ಠ ಒಂಬತ್ತು ತಿಂಗಳು ಅಥವಾ ಯುದ್ಧದ ಕೊನೆವರೆಗೆ ಇದ್ದು ಈಗ ಕಷ್ಟದಲ್ಲಿರೋ ಸಿಪಾಯಿಗೆ ತಿಂಗಳಿಗೆ 8 ಡಾಲರ್ ಅಂತ. ನಿರೀಕ್ಷೆ ಮೀರಿ ಜನ ಅರ್ಜಿ ಹಾಕಿದ್ರು, ಖರ್ಚು ಏರ್ತು, ಅನುಕೂಲಸ್ಥರೂ ತಗೊಳ್ತಿದಾರೆ ಅಂತ ಗಲಾಟೆ ಆಯ್ತು. ಅದಕ್ಕೆ 1820ರಲ್ಲಿ ಇನ್ನೊಂದು ಕಾನೂನು ತಂದು, ಪಿಂಚಣಿ ಬೇಕಾದವರೆಲ್ಲ ಕೋರ್ಟಿಗೆ ಬಂದು ತಮ್ಮ ಹತ್ರ ಏನೇನಿದೆ ಅಂತ ಪಟ್ಟಿ ಬರೆದು ಪ್ರಮಾಣ ಮಾಡ್ಬೇಕು ಅಂದ್ರು. ಬಡವ ಅಂತ ಸಾಬೀತು ಮಾಡೋಕೆ ಮನೆ ಮಠ ಎಲ್ಲ ಬಿಚ್ಚಿ ತೋರಿಸ್ಬೇಕು. ಅದರಿಂದ ಏನಾಯ್ತು ಅಂದ್ರೆ ಶ್ರೀಮಂತರಿಗಿಂತ ಬಡ ಸಿಪಾಯಿಯ ಕೊಟ್ಟಿಗೆ ಬಗ್ಗೆ ನಮಗೆ ಜಾಸ್ತಿ ಗೊತ್ತಾಗತ್ತೆ.

ಮಾರ್ಟಿನ್ 1820ರಲ್ಲಿ ಕೊಟ್ಟ ಹೇಳಿಕೆ ನೋಡಿ. ಜಮೀನು ಇಲ್ಲ, ಆದಾಯ ಇಲ್ಲ. ಹಾಸಿಗೆ ಬಟ್ಟೆ ಬಿಟ್ರೆ ಇರೋದು ಎರಡು ಹಸು, ಆರು ಕುರಿ, ಒಂದು ಹಂದಿ. ಕೂಲಿ ಕೆಲಸದವನು, ವಯಸ್ಸಾಗಿ ಕೈಲಾಗಲ್ಲ, ಹೆಂಡತಿಗೆ ಕೀಲುನೋವು, ಐದು ಮಕ್ಕಳು. ಏಳು ವರ್ಷ ಯುದ್ಧ ಮಾಡಿದವನ ಆಸ್ತಿ ಇಷ್ಟು! ನಾನು ಆ ಸಾಲು ಓದಿ ಸ್ವಲ್ಪ ಹೊತ್ತು ಮುಂದಕ್ಕೆ ಹೋಗೋಕೇ ಆಗ್ಲಿಲ್ಲ.

ನಮ್ಮವರ ಹಿರೀಕನ ಫೈಲ್‌ನಲ್ಲೂ ಅಂಥದ್ದೇ ಪಟ್ಟಿ ಇತ್ತು. ಎಡಗಡೆ ಸಾಮಾನು, ಬಲಗಡೆ ಬೆಲೆ, ಒಂದು ಮುದಿ ಹೆಣ್ಣು ಕುದುರೆ, ನೇಗಿಲಿನ ಕಬ್ಬಿಣ, ಒಂದು ಕಬ್ಬಿಣದ ಹಂಡೆ, ಬೆಣ್ಣೆ ಕಡೆಯೋ ಪೀಪಾಯಿ, ಕಾಲು ಮುರಿದ ಕುರ್ಚಿ, ಕೆಳಗೆ ಸಾಲ ಯಾರ್ಯಾರಿಗೆ ಎಷ್ಟು ಅಂತ. ಆಮೇಲೆ ಮನೇಲಿ ಇರೋರ ಹೆಸರು ವಯಸ್ಸು, ಯಾರು ದುಡೀತಾರೆ ಯಾರಿಗೆ ಆಗಲ್ಲ ಅಂತ. ಸಹಿ ಜಾಗದಲ್ಲಿ ಬರೀ ಒಂದು ಇಂಟು ಗುರುತು, ಅದರ ಎರಡೂ ಕಡೆ ಗುಮಾಸ್ತ ಇವನ ಹೆಸರು ಬರೆದಿದಾನೆ. ಮಗಳು ಅದನ್ನ ಪ್ರಿಂಟ್ ಹಾಕಿಸ್ಕೊಂಡು ತನ್ನ ರೂಮಲ್ಲಿ ಅಂಟಿಸ್ಕೊಂಡಿದಾಳೆ.

1832ರ ಕಾನೂನಿನ ಫೈಲ್‌ಗಳು ಬೇರೆ ಥರ ಚೆನ್ನಾಗಿವೆ. ಆಗ ಬಡತನ ತೋರಿಸೋ ಷರತ್ತು ತೆಗೆದ್ರು, ಊರ ಮಿಲಿಷಿಯಾದಲ್ಲಿ, ಅಂದ್ರೆ ಕರೆದಾಗ ಬಂದು ಕಾದೋ ಊರಿನವರ ಪಡೆಯಲ್ಲಿ, ಇದ್ದವರಿಗೂ ಕೊಟ್ರು. ಮಿಲಿಷಿಯಾದವರಿಗೆ ಎಷ್ಟೋ ಕಡೆ ಹಾಜರಿ ಪಟ್ಟಿನೇ ಇರ್ಲಿಲ್ಲ, ಅದಕ್ಕೆ ಕೋರ್ಟಲ್ಲಿ ಎಲ್ಲರಿಗೂ ಏಳು ಪ್ರಶ್ನೆ ಕೇಳ್ತಿದ್ರು: ಎಲ್ಲಿ ಯಾವ ವರ್ಷ ಹುಟ್ಟಿದ್ದು, ವಯಸ್ಸಿಗೆ ದಾಖಲೆ ಇದ್ಯಾ, ಸೈನ್ಯಕ್ಕೆ ಕರೆದಾಗ ಎಲ್ಲಿದ್ದೆ, ಯುದ್ಧ ಆದ್ಮೇಲೆ ಎಲ್ಲೆಲ್ಲಿ ವಾಸ ಮಾಡ್ದೆ, ಹೀಗೆ. ಎಲ್ಲೆಲ್ಲಿ ವಾಸ ಮಾಡ್ದೆ ಅನ್ನೋದಕ್ಕೆ ಕೊಟ್ಟ ಉತ್ತರ ಇದೆಯಲ್ಲ, ಅದು ಚಿನ್ನ. ವರ್ಜೀನಿಯಾ ಬಿಟ್ಟು ಕೆಂಟಕಿಗೆ ಹೋದೆ, ಅಲ್ಲಿಂದ ಇಂಡಿಯಾನಾಗೆ ಬಂದೆ ಅಂತ ಆ ಮುದುಕರು ಬಾಯಿಬಿಟ್ಟು ಹೇಳಿರ್ತಾರೆ, ನಾವು ಎಷ್ಟು ಊರಿನ ರಿಜಿಸ್ಟರ್ ತಿರುವಿ ಹಾಕಿದ್ರೂ ಸಿಗದ ದಾರಿ ಅದು. 1836ರಿಂದ ವಿಧವೆಯರಿಗೂ ಬಾಗಿಲು ತೆರೀತು, ಅವರು ಮದುವೆ ಆಗಿದ್ದು ನಿಜ ಅಂತ ತೋರಿಸ್ಬೇಕಿತ್ತು, ಸರ್ಟಿಫಿಕೇಟ್ ಎಲ್ಲಿಂದ ಬರ್ಬೇಕು? ಮನೆ ಬೈಬಲ್‌ನಲ್ಲಿ ಮಕ್ಕಳ ಹುಟ್ಟು, ಮದುವೆ, ಸಾವು ಬರೆದಿದ್ದ ಹಾಳೆಯನ್ನೇ ಹರಿದು ಕಳಿಸಿದಾರೆ, ಆ ಹಾಳೆಗಳು ಇವತ್ತಿಗೂ ಫೈಲ್ ಒಳಗೇ ಇವೆ.

ಫೈಲ್ ನಂಬರ್ ಮುಂದಿನ ಅಕ್ಷರ ನೋಡ್ಕೊಳ್ಳಿ. ಎಸ್ ಅಂದ್ರೆ ಸಿಪಾಯಿಯೇ ಪಡೆದಿದ್ದು, ಡಬ್ಲ್ಯೂ ಅಂದ್ರೆ ವಿಧವೆ, ಆರ್ ಅಂದ್ರೆ ತಿರಸ್ಕಾರ ಆಗಿದ್ದು. ಆರ್ ಇದ್ರೆ ಬಿಟ್ಟು ಹೋಗ್ಬೇಡಿ ದಯವಿಟ್ಟು, ತಿರಸ್ಕಾರ ಆದವರು ಮತ್ತೆ ಮತ್ತೆ ಸಾಕ್ಷಿ ಕರ್ಕೊಂಡು ಬಂದಿರ್ತಾರೆ, ಅಕ್ಕಪಕ್ಕದ ರೈತರು, ಹಳೇ ಜೊತೆಗಾರರು ಎಲ್ಲ ಹೇಳಿಕೆ ಕೊಟ್ಟಿರ್ತಾರೆ. ಇನ್ನೊಂದು, 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆ ಕಚೇರಿಗೆ ಬೆಂಕಿ ಬಿದ್ದು ಅದಕ್ಕೂ ಹಿಂದಿನ ಅರ್ಜಿಗಳೆಲ್ಲ ಹೋದ್ವು, ಹಾಗಾಗಿ ನಿಮ್ಮವರು 1790ರ ದಶಕದಲ್ಲೇ ತೀರ್ಕೊಂಡಿದ್ರೆ ಇಲ್ಲಿ ಹೆಚ್ಚು ಆಸೆ ಇಟ್ಕೋಬೇಡಿ.

ಓದೋದು ಸುಲಭ ಅಲ್ಲ. ಎಲ್ಲ ಕೈಬರಹ, ಶಾಯಿ ಹಾಳೆಯ ಹಿಂಬದಿಯಿಂದ ಇಣುಕಿರತ್ತೆ, ಹಳೇ ಇಂಗ್ಲಿಷಿನ ಉದ್ದ ಎಸ್ ನೋಡೋಕೆ ಎಫ್ ಥರ ಇರತ್ತೆ, ಒಂದೇ ಹೆಸರನ್ನ ಒಂದೇ ಫೈಲಲ್ಲಿ ಮೂರು ಥರ ಬರೆದಿರ್ತಾರೆ. ಆದ್ರೆ ಆರ್ಕೈವ್ಸ್‌ನವರು ನ್ಯಾಷನಲ್ ಪಾರ್ಕ್ ಸರ್ವೀಸ್ ಜೊತೆ ಸೇರಿ, ಸ್ವಾತಂತ್ರ್ಯದ 250ನೇ ವರ್ಷದ ನೆಪದಲ್ಲಿ, ಈ ಫೈಲ್‌ಗಳನ್ನ ಸ್ವಯಂಸೇವಕರ ಕೈಲಿ ಟೈಪ್ ಮಾಡಿಸ್ತಿದಾರೆ, ಯಾರು ಬೇಕಾದ್ರೂ ಅಕೌಂಟ್ ಮಾಡ್ಕೊಂಡು ಸೇರಬಹುದು. ಕೂಡಿಸಿ ಬರೆಯೋ ಇಂಗ್ಲಿಷ್ ಅಕ್ಷರ ಕಾಪಿ ಪುಸ್ತಕದಲ್ಲಿ ತಿದ್ದಿ ಕಲಿತ ನಮ್ಮ ತಲೆಮಾರಿನವರಿಗೆ ಇದು ಹೇಳಿ ಮಾಡಿಸಿದ ಕೆಲಸ, ನಾನಂತೂ ರಾತ್ರಿ ಊಟ ಆದ್ಮೇಲೆ ಒಂದೆರಡು ಪುಟ ಮಾಡ್ತೀನಿ.

ಫ್ಯಾಮಿಲಿಸರ್ಚ್ ನಡೆಸೋದು ಯೂಟಾದ ಮಾರ್ಮನ್ ಚರ್ಚ್, ಆದ್ರೆ ಯಾರು ಬೇಕಾದ್ರೂ ಬಳಸಬಹುದು, ಮತ ಧರ್ಮ ಯಾರೂ ಕೇಳಲ್ಲ. 1938ರಿಂದ ಊರೂರು ತಿರುಗಿ ಮೈಕ್ರೋಫಿಲ್ಮ್ ಮಾಡಿದ್ದನ್ನ ಎಲ್ಲಾ ಡಿಜಿಟಲ್ ಮಾಡಿದಾರೆ. ನನಗೆ ಇದರಲ್ಲಿ ಜೀವ ಹೋಗೋಷ್ಟು ಇಷ್ಟ ಆಗಿದ್ದು ಫುಲ್ ಟೆಕ್ಸ್ಟ್ ಸರ್ಚ್, 2024ರಲ್ಲಿ ಬಂದಿದ್ದು. ಕಂಪ್ಯೂಟರೇ ಹಳೇ ಕೈಬರಹ ಓದಿ ಇಟ್ಟಿರತ್ತೆ, ಜಮೀನು ಕ್ರಯಪತ್ರ, ಉಯಿಲು ಇಂಥವನ್ನ. ಮೊದಲಾದ್ರೆ ಇಂಡೆಕ್ಸ್‌ನಲ್ಲಿ ಮಾರಿದವನ ಹೆಸರು ಕೊಂಡವನ ಹೆಸರು ಅಷ್ಟೇ. ಈಗ ಪಕ್ಕದ ಜಮೀನಿನವನ ಪತ್ರದಲ್ಲಿ ಇಂಥವನ ಬೇಲಿಯಿಂದ ಪೂರ್ವಕ್ಕೆ ಅಂತ ಚಕ್ಕುಬಂದಿ ಬರೆಯೋವಾಗ ನಿಮ್ಮವರ ಹೆಸರು ಬಂದಿದ್ರೂ ಸಿಕ್ಕಿಬಿಡತ್ತೆ. ಜಮೀನು ಕೊಳ್ಳದೆ ಸುಮ್ಮನೆ ಉಳ್ತಾ ಇದ್ದವರು ಕ್ರಯಪತ್ರದಲ್ಲಿ ಬರೋದೇ ಇಲ್ಲ, ಅವರನ್ನ ಹಿಡಿಯೋಕೆ ಇದೊಂದೇ ದಾರಿ ಅನ್ನಬಹುದು.

ಮೇಯ್ನ್‌ನಲ್ಲಿ ಅಂಥವರೇ ಜಾಸ್ತಿ ಇದ್ರು. ಯುದ್ಧದಲ್ಲಿ ವಾಷಿಂಗ್ಟನ್‌ನ ಫಿರಂಗಿ ದಳದ ಮುಖ್ಯಸ್ಥ ಆಗಿದ್ದು, ದೇಶದ ಮೊದಲ ಯುದ್ಧ ಕಾರ್ಯದರ್ಶಿಯೂ ಆದ ಹೆನ್ರಿ ನಾಕ್ಸ್, ಹೆಂಡತಿ ಮನೆ ಕಡೆಯಿಂದ ಬಂದ ವಾಲ್ಡೋ ಪೇಟೆಂಟ್ ಅನ್ನೋ ಹಳೇ ದೊಡ್ಡ ಭೂ ಹಕ್ಕುಪತ್ರ ಇಟ್ಕೊಂಡು ಆ ಸೀಮೆ ಎಲ್ಲ ನನ್ನದು ಅಂದ, ಕಾಡು ಕಡಿದು ಕೂತಿದ್ದ ಹಳೇ ಸಿಪಾಯಿಗಳು ದುಡ್ಡು ಕೊಡ್ಬೇಕು ಅಂದ. 1797ರಲ್ಲಿ ಮಾರ್ಟಿನ್‌ನ 100 ಎಕರೆಗೆ 170 ಡಾಲರ್ ಬೆಲೆ ಕಟ್ಟಿದ್ರು, ಅವನಿಗೆ ಕೊಡೋಕಾಗ್ಲಿಲ್ಲ, 1801ರಲ್ಲಿ ಬೇಡ್ಕೊಂಡು ಕಾಗದ ಬರೆದ, 1811ರ ಹೊತ್ತಿಗೆ ಜಮೀನು ಅರ್ಧ ಆಗಿತ್ತು, 1818ಕ್ಕೆ ಏನೂ ಉಳಿದಿರ್ಲಿಲ್ಲ. ಒಂದೇ ಸೈನ್ಯದ ಜನರಲ್ ಮತ್ತು ಸಿಪಾಯಿ! ಇನ್ನು ಇಬ್ಬರಿಗೂ ಮುಂಚೆ ಅಲ್ಲಿದ್ದ ಪೆನಾಬ್‌ಸ್ಕಾಟ್ ಅನ್ನೋ ಮೂಲನಿವಾಸಿ ಜನರ ನೆಲ ಅದು, ಕ್ರಯಪತ್ರದಲ್ಲಿ ಅವರ ಸುದ್ದಿ ಹುಡುಕಿದ್ರೂ ಸಿಗಲ್ಲ, ಓದೋವಾಗ ಅದು ನೆನಪಲ್ಲಿರಲಿ.

ಊರು, ಕೌಂಟಿ (ನಮ್ಮ ಜಿಲ್ಲೆ ಥರ) ಬದಲಾಗೋದು ಒಂದು ದೊಡ್ಡ ತಲೆನೋವು. 1820ಕ್ಕೆ ಮುಂಚೆ ಮೇಯ್ನ್ ಮ್ಯಾಸಚೂಸೆಟ್ಸ್‌ಗೆ ಸೇರಿತ್ತು. ಪ್ರಾಸ್ಪೆಕ್ಟ್ ಮೊದಲು ಹ್ಯಾನ್‌ಕಾಕ್ ಕೌಂಟಿ, 1827ರಿಂದ ವಾಲ್ಡೋ ಕೌಂಟಿ, ಮಾರ್ಟಿನ್ ಇದ್ದ ಭಾಗ 1857ರಲ್ಲಿ ಬೇರೆ ಆಗಿ ಸ್ಟಾಕ್‌ಟನ್, ಈಗ ಸ್ಟಾಕ್‌ಟನ್ ಸ್ಪ್ರಿಂಗ್ಸ್. ಸರ್ಚ್‌ನಲ್ಲಿ ಇವತ್ತಿನ ಊರ ಹೆಸರು ಮಾತ್ರ ಹಾಕಿದ್ರೆ ಹಳೇ ಪತ್ರ ಸಿಗಲ್ಲ, ಆ ವರ್ಷ ಅದು ಯಾವ ಕೌಂಟಿಯಲ್ಲಿತ್ತೋ ಅದನ್ನ ಹಾಕ್ಬೇಕು.

ಸೆನ್ಸಸ್ ಎರಡೂ ಕಡೆ ಫ್ರೀ ಇದೆ. 1790ರಿಂದ 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಲೆಕ್ಕ. 1840ರದ್ದರಲ್ಲಿ ಪಿಂಚಣಿದಾರರ ಹೆಸರು ವಯಸ್ಸು ಬೇರೆ ಕಾಲಂನಲ್ಲಿದೆ, ಮುದುಕ ಯಾವ ಮಗನ ಮನೇಲಿದ್ದ ಅಂತ ಅಲ್ಲಿ ಗೊತ್ತಾಗತ್ತೆ. 1850ರಿಂದ ಕೃಷಿ ಪಟ್ಟಿನೂ ಇದೆ, ನಮ್ಮ ಪಹಣಿ ಥರ, ಎಷ್ಟು ಎಕರೆ ಸಾಗುವಳಿ, ಎಷ್ಟು ಹಸು, ಎಷ್ಟು ಓಟ್ಸ್, ಎಷ್ಟು ಬೆಣ್ಣೆ ಅಂತ, ಅದು ಮಕ್ಕಳ ಕಾಲದ ಹೊಲ ನೋಡೋಕೆ. ನಿಮ್ಮವರು ಒಹಾಯೋ ಕಡೆ ಹೋಗಿದ್ರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಭೂ ಪಟ್ಟಾ ಸೈಟ್ ನೋಡಿ, ಅಲ್ಲಿರೋದು ಕೇಂದ್ರ ಸರ್ಕಾರ ಹಂಚಿದ ಜಮೀನು, ಮೊದಲ ಹದಿಮೂರು ರಾಜ್ಯ ಮತ್ತು ಮೇಯ್ನ್‌ನವರಿಗೆ ಅದರಿಂದ ಉಪಯೋಗ ಇಲ್ಲ.

ಅರ್ಧ ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ಫ್ಯಾಮಿಲಿಸರ್ಚ್‌ನ ವಂಶವೃಕ್ಷ ಇಡೀ ಜಗತ್ತಿಗೆ ಒಂದೇ ಮರ, ಯಾರು ಬೇಕಾದ್ರೂ ತಿದ್ದಬಹುದು, ಹಾಗಾಗಿ ಒಂದೇ ಹೆಸರಿನ ಇಬ್ಬರು ಒಬ್ಬರೇ ಆಗಿಬಿಡೋ ಸಾಧ್ಯತೆ ಇರತ್ತೆ. ಮರವನ್ನ ಸುಳಿವು ಅಂತ ನೋಡಿ, ಕೆಳಗೆ ಅಂಟಿಸಿರೋ ದಾಖಲೆ ತೆಗೆದು ಓದದೆ ಯಾರನ್ನೂ ನಿಮ್ಮವರು ಅಂತ ಸೇರಿಸ್ಕೋಬೇಡಿ. ಕೆಲವು ಚಿತ್ರಗಳು ಮನೆಯಿಂದ ತೆರೆಯಲ್ಲ, ಅವರ ಸೆಂಟರ್‌ಗೋ ಸದಸ್ಯ ಲೈಬ್ರರಿಗೋ ಹೋಗ್ಬೇಕು.

ದುಡ್ಡು ಕೊಡೋ ಸರ್ವೀಸ್ ಬಗ್ಗೆ ಒಂದು ಮಾತು. ನಮ್ಮ ಅತ್ತೆಯವರು, ಅಂದ್ರೆ ನಮ್ಮ ಮನೆಯವರ ಅಮ್ಮ, ಹಿಂದೆ ಒಬ್ಬ ಖಾಸಗಿ ಸಂಶೋಧಕರಿಗೆ ದುಡ್ಡು ಕೊಟ್ಟು ಮಾಡಿಸಿದ್ರು, ಚಂದದ ಬೈಂಡಿಂಗ್, ಬಣ್ಣದ ಚಾರ್ಟ್, ಹೆಸರು ನಮ್ಮವರದ್ದೇ. ಪಿಂಚಣಿ ಫೈಲ್ ತೆಗೆದು ನೋಡಿದ್ರೆ ಅದರಲ್ಲಿರೋದು ಬೇರೆ ಊರಿನ ಅದೇ ಹೆಸರಿನವನು, ಹೆಂಡತಿ ಹೆಸರೂ ತಾಳೆ ಆಗಲ್ಲ. ಆ ಪುಸ್ತಕದಲ್ಲಿ ಒಂದು ದಾಖಲೆಯ ನಂಬರೂ ಇರ್ಲಿಲ್ಲ. ಯಾರಿಗೇ ಕೆಲಸ ಕೊಡಿ, ಪ್ರತಿ ಸಾಲಿಗೂ ದಾಖಲೆ ಎಲ್ಲಿದೆ, ಅದರ ಚಿತ್ರ ಕೊಡ್ತೀರಾ ಅಂತ ಮೊದಲೇ ಕೇಳಿ, ಕೊಡಲ್ಲ ಅಂದ್ರೆ ಬೇಡ. ಫೋಲ್ಡ್3 ಅನ್ನೋ ದುಡ್ಡು ಕಟ್ಟೋ ಸೈಟ್‌ನಲ್ಲೂ ಇದೇ ಪಿಂಚಣಿ ಫೈಲ್‌ಗಳಿವೆ, ಚಂದಾ ಕಟ್ಟೋ ಮುಂಚೆ ನಿಮ್ಮ ಲೈಬ್ರರಿಯಲ್ಲಿ ಕೇಳಿ, ಎಷ್ಟೋ ಲೈಬ್ರರಿಗಳಲ್ಲಿ ಕಾರ್ಡ್ ಇದ್ರೆ ಸಾಕು.

ಶುರು ಮಾಡೋರಿಗೆ: ಫ್ಯಾಮಿಲಿಸರ್ಚ್‌ಗೆ ಲಾಗಿನ್ ಬೇಕು, ಆರ್ಕೈವ್ಸ್ ಕ್ಯಾಟಲಾಗ್ ನೋಡೋಕೆ ಅದೂ ಬೇಡ, ಎರಡೂ ಇಂಡಿಯಾದಿಂದಲೂ ತೆರೆಯತ್ತೆ. ಹೆಸರಿನ ಜೊತೆ ರಾಜ್ಯ ಹಾಕಿ ಹುಡುಕಿ, ಫೈಲ್ ಸಿಕ್ಕ ಮೇಲೆ ಮೊದಲ ಪುಟದಲ್ಲೇ ನಿಲ್ಲದೆ ಕೊನೇ ಚಿತ್ರದವರೆಗೂ ಹೋಗಿ, ಆಸ್ತಿ ಪಟ್ಟಿ ಎಷ್ಟೋ ಸಲ ಮಧ್ಯದಲ್ಲೆಲ್ಲೋ ಸಿಕ್ಕಾಕೊಂಡಿರತ್ತೆ.