ಓದುತ್ತಿರುವ ಪುಸ್ತಕದ ಬಗ್ಗೆ ಅನ್ನಿಸಿದ್ದನ್ನು ಹಂಚಿಕೊಳ್ಳಲು: ಓದುವ ಸಾಧನ, ಮೊಬೈಲ್ ಗುಂಪು ಮತ್ತು ಅಂಚೆಯಲ್ಲಿ ಓಡಾಡಿದ ಎರಡು ಪ್ರತಿಗಳು

ವಿದ್ಯುನ್ಮಾನ ಪುಸ್ತಕಗಳಿಗೆಂದು ಹನ್ನೊಂದು ಸಾವಿರ ರೂಪಾಯಿ ಕೊಟ್ಟು ಕೊಂಡ ಓದುವ ಸಾಧನ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಅದರ ಬೆಲೆಯ ಹತ್ತನೇ ಒಂದು ಭಾಗದಷ್ಟು ಹಣದಲ್ಲಿ ಕೊಂಡ ಒಂದೇ ಕಾದಂಬರಿಯ ಎರಡು ಪ್ರತಿಗಳು, ಒಂದು ಪೆನ್ಸಿಲ್ಲು, ಅಂಚೆ ಕಚೇರಿಗೆ ನಾಲ್ಕು ಸಲದ ಓಡಾಟ, ಇಷ್ಟರಿಂದ ನನಗೆ ಬೇಕಾಗಿದ್ದದ್ದು ದೊರೆಯಿತು. ಎರಡು ವರ್ಷಗಳಲ್ಲಿ ಮೂರು ದಾರಿಗಳನ್ನು ಪ್ರಯತ್ನಿಸಿದ ಮೇಲೆ ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮುಂದಿನ ಮಾತುಗಳನ್ನು ಆ ಒಲವನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು.

ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು. ನಾನು ಇರುವುದು ಹುಬ್ಬಳ್ಳಿಯಲ್ಲಿ, ಅಕ್ಕ ಇರುವುದು ಸಾಗರದಲ್ಲಿ. ಚಿಕ್ಕಂದಿನಲ್ಲಿ ಒಂದೇ ಪುಸ್ತಕವನ್ನು ಕಿತ್ತಾಡಿಕೊಂಡು ಓದಿದವರು ನಾವು. ಓದಿ ಮುಗಿಸಿದ ಪುಸ್ತಕದ ಬಗ್ಗೆ ಫೋನಿನಲ್ಲಿ ಮಾತನಾಡುವುದಕ್ಕೆ ಯಾವ ಸಾಧನವೂ ಬೇಡ. ಆದರೆ ಓದುತ್ತಿರುವಾಗಲೇ, ಮುಂದೇನಾಗುತ್ತದೆಂಬುದು ಗೊತ್ತಿಲ್ಲದಿರುವಾಗಲೇ ಒಂದು ಸಾಲಿನ ಬಳಿ ಅನ್ನಿಸಿದ್ದು, ಒಂದು ಪಾತ್ರದ ಮೇಲೆ ಹುಟ್ಟಿದ ಸಿಟ್ಟು ಅಥವಾ ಸಂಶಯ, ಪುಸ್ತಕ ಮುಗಿಯುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಮುಗಿದ ಮೇಲೆ ನಾವು ಹೇಳುವುದು ಕೊನೆಯನ್ನು ತಿಳಿದವರ ತೀರ್ಪನ್ನು. ನಡುದಾರಿಯ ಆ ಅನ್ನಿಸಿಕೆಗಳನ್ನು ಉಳಿಸಿಕೊಂಡು ಅಕ್ಕನಿಗೆ ತಲುಪಿಸಬೇಕು, ಅವಳದ್ದು ನನಗೆ ತಲುಪಬೇಕು, ಆದರೆ ಒಬ್ಬರ ಓದು ಇನ್ನೊಬ್ಬರ ಓದನ್ನು ಕೆಡಿಸಬಾರದು ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು.

ಮೊದಲು ಓದುವ ಸಾಧನ. ಕಣ್ಣಿಗೆ ಹಿತವಾದ ಪರದೆ, ಹಗುರವಾದ ಮೈ, ವಾರಗಟ್ಟಲೆ ಬರುವ ಬ್ಯಾಟರಿ, ಇವೆಲ್ಲ ಹೇಳಿದಂತೆಯೇ ಇದ್ದವು. ಬೆರಳಿನಿಂದ ಸಾಲನ್ನು ಗುರುತಿಸಿ, ಅದಕ್ಕೊಂದು ಟಿಪ್ಪಣಿ ಸೇರಿಸಿ, ಎರಡನ್ನೂ ಒಟ್ಟಿಗೆ ಬೇರೆಯವರಿಗೆ ಕಳುಹಿಸಬಹುದೆಂಬ ಕಾರಣಕ್ಕಾಗಿಯೇ ನಾನು ಅದನ್ನು ಕೊಂಡದ್ದು. ಸಮಸ್ಯೆ ಶುರುವಾದದ್ದೂ ಅಲ್ಲಿಂದಲೇ.

ಒಂದು ಪ್ರಬಂಧ ಸಂಕಲನದ ಪಿಡಿಎಫ್ ಕಡತವನ್ನು ಹಣ ಕೊಟ್ಟು ಪಡೆದಿದ್ದೆ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಅಕ್ಷರಗಳು ಕಾಣುತ್ತಿದ್ದವು. ಮೂರನೆಯ ಪುಟದಲ್ಲಿ ಮನಸ್ಸಿಗೆ ಹಿಡಿಸಿದ ಒಂದು ಸಾಲನ್ನು ಗುರುತಿಸಿ ಅಕ್ಕನಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವಳ ಫೋನ್ ಬಂತು: "ಏನು ಕಳಿಸಿದ್ದೀಯೇ ಇದು? ಯಾವ ಭಾಷೆ?" ನಾನು ಕಳುಹಿಸಿದ್ದನ್ನು ತೆರೆದು ನೋಡಿದರೆ ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. "ಕನ್ನಡ" ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಇಡೀ ಸಾಲು ಹೀಗೆಯೇ ಇತ್ತು.

ಡಿಟಿಪಿ, ಎಂದರೆ ಗಣಕದಲ್ಲಿ ಪುಟ ಜೋಡಿಸುವ ಕೆಲಸ ಬಲ್ಲ ನೆರೆಮನೆಯವರೊಬ್ಬರು ಇದರ ಕಾರಣವನ್ನು ಬಿಡಿಸಿ ಹೇಳಿದರು. ಪ್ರತಿ ಲಿಪಿಯ ಅಕ್ಷರಗಳಿಗೂ ಗಣಕದಲ್ಲಿ ತಮ್ಮದೇ ಸ್ಥಾನ ಕೊಡುವ ಯೂನಿಕೋಡ್ ವ್ಯವಸ್ಥೆಯ ಬಳಕೆ ನಮ್ಮಲ್ಲಿ ಹರಡುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗುತ್ತಿತ್ತು. ಕನ್ನಡವನ್ನು ಗಣಕಕ್ಕೆ ತಂದ ಆ ತಂತ್ರಾಂಶಗಳ ಉಪಕಾರ ದೊಡ್ಡದು, ಆಗ ಬೇರೆ ಅನುಕೂಲವೂ ಇರಲಿಲ್ಲ. ಆದರೆ ಅಂಥ ಫಾಂಟಿನಲ್ಲಿ ಅಕ್ಷರ ಜೋಡಿಸಿದ ಪುಟದಲ್ಲಿ ನಮ್ಮ ಕಣ್ಣಿಗೆ "ಕ" ಕಂಡರೂ ಗಣಕದ ಲೆಕ್ಕದಲ್ಲಿ ಅದು "ಪಿ". ಆ ಫಾಂಟು ಜೊತೆಯಲ್ಲಿರುವವರೆಗೆ ಎಲ್ಲವೂ ಸರಿ. ಸಾಲನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟರೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಕನ್ನಡ ಲಿಪಿಗೆ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಪ್ರತ್ಯೇಕ ಸ್ಥಾನ ದೊರೆತಿದ್ದರೂ ನಮ್ಮ ಎಷ್ಟೋ ಪುಸ್ತಕಗಳ ಅಕ್ಷರ ಜೋಡಣೆ ಬಹುಕಾಲ ಹಳೆಯ ಫಾಂಟುಗಳಲ್ಲೇ ನಡೆಯಿತು. ಆ ಕಡತಗಳೇ ಇಂದು ವಿದ್ಯುನ್ಮಾನ ಪುಸ್ತಕಗಳಾಗಿ ನಮ್ಮ ಕೈಗೆ ಬಂದಾಗ ಈ ತೊಂದರೆಯನ್ನೂ ಹೊತ್ತು ತರುತ್ತವೆ.

ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಅದನ್ನೂ ಮಾಡಿ ನೋಡಿದೆ. ಸಾಲನ್ನು ನಕಲಿಸಬೇಕು, ಗಣಕಕ್ಕೆ ತರಬೇಕು, ಪರಿವರ್ತಿಸಬೇಕು, ಸ್ಥಾನ ತಪ್ಪಿದ ಅರ್ಕಾವೊತ್ತನ್ನೂ ಒತ್ತಕ್ಷರಗಳನ್ನೂ ಒಂದೊಂದಾಗಿ ತಿದ್ದಬೇಕು, ಆಮೇಲೆ ಕಳುಹಿಸಬೇಕು. ಒಂದು ಸಾಲಿಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಸಹಕಾರಿ ಬ್ಯಾಂಕಿನಲ್ಲಿ ಹಗಲೆಲ್ಲ ಲೆಕ್ಕ ತಾಳೆ ನೋಡಿ ಬಂದವಳು ನಾನು. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗಿನ ಒಂದೂವರೆ ಗಂಟೆಯಲ್ಲಿ ಅರ್ಧ ಭಾಗ ಒತ್ತಕ್ಷರ ತಿದ್ದುವುದಕ್ಕೇ ಹೋದರೆ ಓದುವುದು ಯಾವಾಗ? ಹತ್ತು ದಿನಗಳ ನಂತರ ಆ ಪ್ರಯತ್ನವನ್ನು ಬಿಟ್ಟೆ.

ಬೇರೆ ಪುಸ್ತಕದಲ್ಲಾದರೂ ಸರಿಹೋದೀತೆಂದು ಎಂ. ಎಸ್. ಪುಟ್ಟಣ್ಣನವರ, 1915ರಲ್ಲಿ ಬಂದ "ಮಾಡಿದ್ದುಣ್ಣೋ ಮಹಾರಾಯ" ಕಾದಂಬರಿಯನ್ನು ತೆಗೆದುಕೊಂಡೆ. ಪುಟ್ಟಣ್ಣನವರು ತೀರಿಕೊಂಡದ್ದು 1930ರಲ್ಲಿ. ನಮ್ಮ ದೇಶದ ಕಾಯಿದೆಯಂತೆ ಲೇಖಕರ ಮರಣಾನಂತರ 60 ವರ್ಷ ಕಳೆದ ಮೇಲೆ ಕೃತಿಯ ಹಕ್ಕು ಎಲ್ಲರದ್ದಾಗುತ್ತದಾದ್ದರಿಂದ ಇದನ್ನು ಯಾರು ಬೇಕಾದರೂ ನಿರಾತಂಕವಾಗಿ ಓದಬಹುದು, ಹಂಚಬಹುದು. ಆದರೆ ನನಗೆ ಸಿಕ್ಕ ಪ್ರತಿ ಹಳೆಯ ಪುಸ್ತಕದ ಪುಟಗಳ ಛಾಯಾಚಿತ್ರ. ಅದರಲ್ಲಿ ಬೆರಳಿಗೆ ಸಿಗುವ ಅಕ್ಷರವೇ ಇಲ್ಲ. ಪುಟದ ಚಿತ್ರವನ್ನೇ ಅಕ್ಕನಿಗೆ ಕಳುಹಿಸಬಹುದಿತ್ತು, ಕಳುಹಿಸಿಯೂ ಕಳುಹಿಸಿದೆ; ತಿಂಗಳ ಕೊನೆಗೆ ಅವಳ ಫೋನಿನಲ್ಲಿ ಮೊಮ್ಮಗನ ಚಿತ್ರಗಳ ನಡುವೆ ನನ್ನ ನಲವತ್ತು ಪುಟಗಳು ಚೆಲ್ಲಿಹೋಗಿದ್ದವು. ಯಾವ ಪುಟಕ್ಕೆ ಯಾವ ಮಾತು ಎಂಬುದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಇನ್ನು ಟಿಪ್ಪಣಿ. ನಾನು ಕೊಂಡ ಸಾಧನದಲ್ಲಿ ಕನ್ನಡ ಕೀಲಿಮಣೆ ಇರಲಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿಟ್ಟ ಟಿಪ್ಪಣಿಯನ್ನು ಎರಡು ತಿಂಗಳ ನಂತರ ಓದಿದಾಗ ಅದು ಹಳ್ಳಿಯೋ ಹಲ್ಲಿಯೋ, ಹಾಲೋ ಹಾಳೋ ಎಂಬುದು ನನಗೇ ಗೊತ್ತಾಗಲಿಲ್ಲ. ಇಂಗ್ಲಿಷ್ ಓದುವವರಿಗೆ ಇದೇ ಸಾಧನ ವರವಾಗಿರಬಹುದು. ಎಲ್ಲ ಕನ್ನಡ ಪುಸ್ತಕಗಳ ಸ್ಥಿತಿಯೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಯೂನಿಕೋಡಿನಲ್ಲೇ ಸಿದ್ಧವಾದ ಹೊಸ ಪುಸ್ತಕಗಳನ್ನು ಫೋನಿನಲ್ಲಿ ಸಲೀಸಾಗಿ ಓದಿದ್ದೇನೆ. ಆದರೆ ನಾನೂ ಅಕ್ಕನೂ ಓದಬೇಕೆಂದುಕೊಂಡಿದ್ದು ಹಳೆಯ ಪುಸ್ತಕಗಳನ್ನು.

ಎರಡನೆಯದು ಮೊಬೈಲ್ ಗುಂಪು. ಪರಿಚಿತರೊಬ್ಬರು ಓದುಗರ ಗುಂಪೊಂದಕ್ಕೆ ಸೇರಿಸಿದರು. ಇಪ್ಪತ್ತಮೂರು ಜನ, ಎಲ್ಲರೂ ಒಳ್ಳೆಯ ಓದುಗರು. 1936ರ "ಕಾನೂರು ಹೆಗ್ಗಡಿತಿ"ಯನ್ನು ಎರಡು ತಿಂಗಳಲ್ಲಿ ಒಟ್ಟಿಗೆ ಓದುವುದೆಂದು ಗೊತ್ತಾಯಿತು. ಖರ್ಚು ಏನೂ ಇಲ್ಲ, ಪುಸ್ತಕ ಮನೆಯಲ್ಲೇ ಇತ್ತು. ಮೊದಲ ವಾರದ ಉತ್ಸಾಹ ನನಗೆ ಇನ್ನೂ ನೆನಪಿದೆ. ಮಲೆನಾಡಿನ ಒಬ್ಬ ಹಿರಿಯರು ಅಡಕೆ ತೋಟದ ಕೆಲಸದ ಮಾತುಗಳಿಗೆ ಧ್ವನಿ ಸಂದೇಶದಲ್ಲಿ ಕೊಟ್ಟ ವಿವರಣೆಯನ್ನು ನಾನು ಎರಡು ಸಲ ಕೇಳಿದೆ. ಆದರೆ ಪ್ರತಿಯೊಬ್ಬರ ಬಳಿ ಬೇರೆ ಬೇರೆ ಮುದ್ರಣ. ನನ್ನ 212ನೆಯ ಪುಟ ಇನ್ನೊಬ್ಬರಿಗೆ 240, ಗ್ರಂಥಾಲಯದ ಹಳೆಯ ಪ್ರತಿ ಹಿಡಿದವರಿಗೆ ಮತ್ತೊಂದು. ಯಾವ ಸಾಲಿನ ಬಗ್ಗೆ ಮಾತು ನಡೆಯುತ್ತಿದೆಯೆಂದು ಹುಡುಕುವಷ್ಟರಲ್ಲಿ ಮಾತು ಮೂವತ್ತು ಸಂದೇಶ ಮೇಲಕ್ಕೆ ಹೋಗಿರುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಈ ಕಾದಂಬರಿ 1999ರಲ್ಲಿ ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಚಲನಚಿತ್ರವಾಗಿದೆ. ಅದನ್ನು ನೋಡಿದ್ದ ಸದಸ್ಯರೊಬ್ಬರು, ನಾನಿನ್ನೂ ಅರ್ಧ ದಾಟಿರದಿದ್ದ ಒಂದು ಬೆಳಿಗ್ಗೆ, ಸುಬ್ಬಮ್ಮನ ಬದುಕು ಏನಾಗಿ ಮುಗಿಯುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದುಬಿಟ್ಟರು. ಅವರದ್ದು ಕೆಟ್ಟ ಉದ್ದೇಶವಲ್ಲ; ಎಲ್ಲರಿಗೂ ತಿಳಿದ ಕಥೆಯೆಂದೇ ಅವರು ಎಣಿಸಿದ್ದರು. ಆದರೆ ಅಂದಿನಿಂದ ಸುಬ್ಬಮ್ಮ ಬಂದ ಪುಟಗಳಲ್ಲೆಲ್ಲ ನಾನು ಆ ಕೊನೆಯ ಕಡೆಗೇ ನೋಡುತ್ತಿದ್ದೆ. ಅವಳ ಮೇಲೆ ನನಗೆ ಬರಬೇಕಾಗಿದ್ದ ಸಿಟ್ಟು ಬರಲಿಲ್ಲ, ಮುಂಚೆಯೇ ಕರುಣೆ ಬಂದುಬಿಟ್ಟಿತು. ಆ ಓದನ್ನು ಮತ್ತೆ ಮೊದಲಿನಂತೆ ಮಾಡಲು ಸಾಧ್ಯವಿಲ್ಲ.

ತಿಂಗಳಿಗೊಮ್ಮೆ ಒಂದು ಕಡೆ ಕೂಡುವ ಓದುಗರ ಬಳಗಕ್ಕೂ ಎರಡು ಸಲ ಹೋಗಿದ್ದೇನೆ. ಮುಗಿಸಿದ ಪುಸ್ತಕದ ಚರ್ಚೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನ್ನ ಈ ಬೇಡಿಕೆಗೆ ಅದು ಒದಗುವುದಿಲ್ಲ.

ಮೂರನೆಯ ದಾರಿಯನ್ನು ಸೂಚಿಸಿದವಳು ಅಕ್ಕ. "ಒಂದೇ ಅಂಗಡಿಯಿಂದ, ಒಂದೇ ಮುದ್ರಣದ್ದು ಎರಡು ತಗೋ. ಪೆನ್ಸಿಲ್‌ನಲ್ಲಿ ಅಂಚಿಗೆ ಬರೀತಾ ಹೋಗೋಣ. ಅರ್ಧಕ್ಕೆ ಬಂದಾಗ ಅದಲುಬದಲು ಮಾಡಿಕೊಳ್ಳೋಣ" ಎಂದಳು. ಪುಸ್ತಕ "ಮಲೆಗಳಲ್ಲಿ ಮದುಮಗಳು". 1967ರಲ್ಲಿ ಪ್ರಕಟವಾದ, ನಮ್ಮ ಮುದ್ರಣದಲ್ಲಿ ಏಳುನೂರಕ್ಕೂ ಹೆಚ್ಚು ಪುಟಗಳಿರುವ ಈ ಕಾದಂಬರಿಯನ್ನು ನಾವಿಬ್ಬರೂ ಮುಂದೂಡುತ್ತಲೇ ಬಂದಿದ್ದೆವು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದು ರಾತ್ರಿಯಿಡೀ ನಡೆಯುವ ನಾಟಕವಾದಾಗಲೂ ಹೋಗಲಾಗಿರಲಿಲ್ಲ. ಆದ್ದರಿಂದ ಕೊನೆ ಏನೆಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ವ್ಯವಸ್ಥೆ ಹೀಗಿತ್ತು. ಅರ್ಧದವರೆಗೆ ನಾನು ನನ್ನ ಪ್ರತಿಯಲ್ಲಿ, ಅವಳು ಅವಳ ಪ್ರತಿಯಲ್ಲಿ ಓದುತ್ತ ಅನ್ನಿಸಿದ್ದನ್ನು ಅಂಚಿನಲ್ಲಿ ಬರೆಯುವುದು. ಇಬ್ಬರೂ ಗೊತ್ತುಮಾಡಿದ ಪುಟ ಮುಟ್ಟಿದ ಮೇಲೆ ಪುಸ್ತಕಗಳನ್ನು ಅಂಚೆಯಲ್ಲಿ ಬದಲಾಯಿಸಿಕೊಳ್ಳುವುದು. ಬಂದ ಪ್ರತಿಯ ಮೊದಲರ್ಧದಲ್ಲಿ ಇನ್ನೊಬ್ಬರ ಟಿಪ್ಪಣಿಗಳನ್ನು ಓದಿ, ಅವುಗಳ ಕೆಳಗೆ ಉತ್ತರ ಬರೆದು, ಅದೇ ಪ್ರತಿಯಲ್ಲಿ ಮುಂದಿನ ಅರ್ಧವನ್ನು ಓದುವುದು. ಮುಗಿದ ಮೇಲೆ ಪುಸ್ತಕಗಳು ತಮ್ಮ ತಮ್ಮ ಮನೆಗೆ ಮರಳುವುದು. ಇನ್ನೊಬ್ಬರ ಮಾತು ನನಗೆ ಕಾಣುವುದು ನಾನು ಆಗಲೇ ದಾಟಿಬಂದ ಪುಟಗಳಲ್ಲಿ ಮಾತ್ರ. ಮುಂದಿನ ಕಥೆ ಒಬ್ಬರಿಂದ ಒಬ್ಬರಿಗೆ ಸೋರುವ ದಾರಿಯೇ ಇಲ್ಲ.

ಖರ್ಚಿನ ವಿಷಯದಲ್ಲಿ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ನೆರವಾಯಿತು. 2025ರ ಮೇ 1ರಂದು ಆರಂಭವಾದ, ಪುಸ್ತಕಗಳಿಗೆಂದೇ ಇರುವ ಈ ಸೇವೆಯ ದರ 300 ಗ್ರಾಂಗೆ 20 ರೂಪಾಯಿಯಿಂದ ತೊಡಗಿ 5 ಕಿಲೋಗೆ 100 ರೂಪಾಯಿವರೆಗೆ, ತೆರಿಗೆ ಪ್ರತ್ಯೇಕ. ಪುಸ್ತಕ ಎಲ್ಲಿದೆಯೆಂದು ಫೋನಿನಲ್ಲಿ ನೋಡಿಕೊಳ್ಳಬಹುದು. ನೆಲಮಾರ್ಗದಲ್ಲೇ ಹೋಗುವುದರಿಂದ ತಲುಪುವುದು ಸ್ವಲ್ಪ ನಿಧಾನ. ಆ ದಿನಗಳಲ್ಲಿ ಕೈಯಲ್ಲಿ ಪುಸ್ತಕವಿಲ್ಲದೆ ಕಾಯಬೇಕಾದದ್ದು ಈ ಪದ್ಧತಿಯ ನಿಜವಾದ ಕೊರತೆ. ಪುಸ್ತಕದೊಳಗೆ ಕಾಗದ ಇಡದೆ, ಹೇಳಲು ಉಳಿದದ್ದನ್ನು ಎರಡೂವರೆ ರೂಪಾಯಿಯ ಇನ್ಲ್ಯಾಂಡ್ ಪತ್ರದಲ್ಲಿ ಬೇರೆಯಾಗಿ ಬರೆದೆವು.

ಪೆನ್ಸಿಲ್ಲು ಎಚ್‌ಬಿ ಆಗಿರಲಿ, ಒತ್ತಿ ಬರೆಯಬಾರದು. 2ಬಿ ಮೃದುವಾಗಿದೆಯೆಂದು ಮೊದಲ ಐವತ್ತು ಪುಟ ಅದರಲ್ಲೇ ಬರೆದೆ. ಎದುರಿನ ಪುಟಕ್ಕೆಲ್ಲ ಬೂದು ಬಣ್ಣ ಮೆತ್ತಿಕೊಂಡಿತು.

ಅಕ್ಕನ ಪ್ರತಿ ಬಂದ ದಿನ ನಾನು ರಾತ್ರಿ ಹನ್ನೆರಡರವರೆಗೆ ಎಚ್ಚರವಿದ್ದೆ. ಮಳೆಯ ಕಾಡುದಾರಿಯ ವರ್ಣನೆಯೊಂದರ ಪಕ್ಕದಲ್ಲಿ ಅವಳ ಓರೆ ಅಕ್ಷರದಲ್ಲಿ, "ಅಮ್ಮ ಇಂಬಳ ಕಚ್ಚಿದಲ್ಲಿಗೆ ಸುಣ್ಣ ಹಚ್ಚುತ್ತಿದ್ದಳು, ನಿನಗೆ ನೆನಪಿದೆಯಾ?" ಎಂದಿತ್ತು. ನನಗೆ ನೆನಪಿರಲಿಲ್ಲ, ಓದಿದೊಡನೆ ನೆನಪಾಯಿತು. ಗುತ್ತಿ ತನ್ನ ನಾಯಿ ಹುಲಿಯನನ್ನು ಮಾತನಾಡಿಸುವಲ್ಲಿ ಒಂದು ಗೆರೆ ಎಳೆದು ಏನನ್ನೂ ಬರೆಯದೆ ಬಿಟ್ಟಿದ್ದಳು. ನನ್ನ ಪ್ರತಿಯಲ್ಲಿಯೂ ಸರಿಸುಮಾರು ಅದೇ ಜಾಗದಲ್ಲಿ ಗೆರೆಯಿತ್ತು. ಕೊನೆಯಲ್ಲಿ ನನ್ನ ಪ್ರತಿ ನನಗೆ ಮರಳಿದಾಗ, ಮುಕುಂದಯ್ಯನಿಗೆ ಧೈರ್ಯ ಸಾಲದೆಂದು ನಾನು ಮೊದಲರ್ಧದಲ್ಲಿ ಬರೆದಿದ್ದ ಮಾತಿನ ಕೆಳಗೆ "ಒಪ್ಪುವುದಿಲ್ಲ. ಆ ಕಾಲದ ಮನೆಯೊಳಗೆ ನಿಂತು ನೋಡು" ಎಂಬ ಅವಳ ಉತ್ತರವಿತ್ತು. ಅಷ್ಟು ಹೊತ್ತಿಗೆ ಪುಸ್ತಕ ಮುಗಿಸಿದ್ದ ನಾನು ಅವಳ ಮಾತನ್ನೇ ಒಪ್ಪಿದ್ದೆ. ಆದರೂ ನನ್ನ ಹಳೆಯ ಮಾತನ್ನು ಅಳಿಸಲಿಲ್ಲ. ಆ ಪುಟದಲ್ಲಿ ನನಗೆ ಹಾಗೆಯೇ ಅನ್ನಿಸಿತ್ತು.

ತಿಂಗಳಿಗೆ ಪುಸ್ತಕಕ್ಕೆ ಐನೂರು ರೂಪಾಯಿ ತೆಗೆದಿಡುವ, ರಾತ್ರಿ ಒಂದೂವರೆ ಗಂಟೆ ಓದುವ, ಒಬ್ಬರೊಡನೆ ಮಾತ್ರ ಹಂಚಿಕೊಳ್ಳಬಯಸುವ ನನ್ನಂಥವರಿಗೆ ಎರಡು ಪ್ರತಿಗಳ ದಾರಿಯನ್ನು ಧೈರ್ಯವಾಗಿ ಹೇಳುತ್ತೇನೆ. ನಾಲ್ಕಾರು ಜನ ಸೇರಿ ಓದುವುದಾದರೆ ಮೊಬೈಲ್ ಗುಂಪೇ ಸರಿ, ಆದರೆ ಎಲ್ಲರೂ ಒಂದೇ ಮುದ್ರಣ ಕೊಳ್ಳಬೇಕು, ವಾರಕ್ಕೆ ಇಷ್ಟೇ ಪುಟವೆಂದು ಗೆರೆ ಹಾಕಿಕೊಂಡು ಅದರಾಚೆಗಿನ ಮಾತನ್ನು ಯಾರೂ ಎತ್ತಬಾರದು. ಓದುವ ಸಾಧನ ಕೊಳ್ಳುವವರು ಹಣ ಕೊಡುವ ಮೊದಲು ಒಂದು ಕನ್ನಡ ಪುಸ್ತಕವನ್ನು ಅದರಲ್ಲಿ ತೆರೆದು, ಒಂದು ಸಾಲನ್ನು ಗುರುತಿಸಿ, ಅದನ್ನು ಸ್ನೇಹಿತರೊಬ್ಬರ ಫೋನಿಗೆ ಕಳುಹಿಸಿ, ಆ ಫೋನಿನ ಪರದೆಯನ್ನು ಸ್ವತಃ ನೋಡಬೇಕು.

ಮುಂದಿನ ಪುಸ್ತಕ ಯಾವುದೆಂದು ಅಕ್ಕ ಇನ್ನೂ ಹೇಳಿಲ್ಲ. ಈ ಸಲ ಮೂರು ಪ್ರತಿ ಬೇಕಾಗಬಹುದು, ಅವಳ ಮಗಳೂ ಸೇರುತ್ತೇನೆ ಎಂದಿದ್ದಾಳೆ. ಮೂವರ ನಡುವೆ ಅದಲುಬದಲು ಹೇಗೆಂದು ಒಂದು ಹಾಳೆಯಲ್ಲಿ ಬಾಣಗಳನ್ನು ಹಾಕಿ ಲೆಕ್ಕ ಮಾಡುತ್ತಿದ್ದೇನೆ.