ಷರತ್ತಿನ ರಿಡೈರೆಕ್ಟಿಗೆ 301 ಹಾಕಿ ಕೆಟ್ಟೆ

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ‘ಲಾಗಿನ್ ಆದವರು ಇತ್ತ, ಆಗದವರು ಅತ್ತ’ ಎಂದು ರಿಡೈರೆಕ್ಟ್ (ಒಂದು ಪುಟಕ್ಕೆ ಬಂದವರನ್ನು ಇನ್ನೊಂದಕ್ಕೆ ಕಳುಹಿಸುವ ಸೂಚನೆ) ಬರೆಯಲು ಹೊರಟವರು ಮೊದಲು ಅದರ ಜೊತೆ ಬ್ರೌಸರಿಗೆ ಹೋಗುವ ಮೂರಂಕಿಯ ಕೋಡನ್ನು ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ.

ಅದೊಂದು ಹಳೆಯ ವಿದ್ಯಾರ್ಥಿಗಳ ಸಂಘದ ಜಾಲತಾಣ. ಲಾಗಿನ್ ಆಗದೆ ಮುಖಪುಟಕ್ಕೆ ಬಂದವರನ್ನು ಲಾಗಿನ್ ಪುಟಕ್ಕೆ ಕಳುಹಿಸಬೇಕು. ಲಾಗಿನ್ ಆದವರು ಆ ಪುಟಕ್ಕೆ ಬಂದರೆ ಮುಖಪುಟಕ್ಕೆ ಮರಳಿಸಬೇಕು. ಐದಾರು ಸಾಲಿನ ಕೆಲಸ. ವರ್ಡ್‌ಪ್ರೆಸ್ ತಾನಾಗಿಯೇ 302, ಅಂದರೆ ತಾತ್ಕಾಲಿಕ ಎಂದು ಕಳುಹಿಸುತ್ತದೆ. ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ಗೂಗಲ್ ಹುಡುಕಾಟಕ್ಕೆ 301 ಒಳ್ಳೆಯದೆಂದು ಎಲ್ಲೋ ಓದಿದ್ದ ಅರೆಜ್ಞಾನ ಬಿಡಲಿಲ್ಲ; ಮೊದಲನೆಯ ಷರತ್ತಿಗೆ ಕೈಯಾರೆ 301 ಬರೆದೆ.

ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಫೋನ್ ಮಾಡಿದರು. ‘ಪಾಸ್‌ವರ್ಡ್ ಒಪ್ಪುತ್ತದೆ, ಆಮೇಲೆ ಗಾಣದೆತ್ತಿನ ಹಾಗೆ ಸುತ್ತಿ ನಿಂತುಬಿಡುತ್ತದಲ್ಲಪ್ಪ!’ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿತ್ತು. ಇರದೇನು, ನಾನು ಸದಾ ಅಡ್ಮಿನ್ ಆಗಿ ಒಳಗೇ ಕುಳಿತವನು. 301 ತೆಗೆದು 302 ಮಾಡಿದೆ. ಮೇಷ್ಟ್ರಿಗೆ ಆಗಲೂ ತೆರೆಯಲಿಲ್ಲ. ಸರ್ವರಿಗೆ ಬಂದ ಕೋರಿಕೆಗಳ ದಾಖಲೆಯಾದ ಸರ್ವರ್ ಲಾಗ್ ನೋಡಿದರೆ ಅವರ ಕಡೆಯಿಂದ ಲಾಗಿನ್ ಪುಟದ ಕೋರಿಕೆಗಳು ಒಂದರ ಹಿಂದೊಂದು, ಮುಖಪುಟದ್ದು ಒಂದೂ ಇಲ್ಲ.

ಆಗ ಹೊಳೆಯಿತು. 301 ಎಂದರೆ ಶಾಶ್ವತವಾಗಿ ಮನೆ ಬದಲಾಯಿಸಿದ್ದೇವೆ ಎಂದು ಹೇಳಿದಂತೆ. ಬ್ರೌಸರ್ ಅದನ್ನು ನಂಬಿ ನೆನಪಿಟ್ಟುಕೊಂಡಿತ್ತು. ಮುಖಪುಟ ಎಂದೊಡನೆ ಸರ್ವರನ್ನು ಕೇಳದೆಯೇ ಲಾಗಿನ್ ಪುಟಕ್ಕೆ ಓಡುತ್ತಿತ್ತು. ಅಲ್ಲಿಂದ ನನ್ನ ಎರಡನೆಯ ಷರತ್ತು ಅವರನ್ನು ಮುಖಪುಟಕ್ಕೆ ಅಟ್ಟುತ್ತಿತ್ತು. ಕೇಳುವವರೇ ಇಲ್ಲದ ಕಡೆ ಕೋಡ್ ತಿದ್ದಿ ಏನು ಬಂತು?

ನನ್ನ ಕೈಯಲ್ಲಿ ಉಳಿದಿದ್ದು ಲಾಗಿನ್ ಪುಟ ಮಾತ್ರ. ಸದಸ್ಯರಿಗೆಂದು ಹೊಸ ವಿಳಾಸದಲ್ಲಿ ಒಂದು ಪುಟ ಮಾಡಿ, ಲಾಗಿನ್ ಆದವರನ್ನು ಅಲ್ಲಿಂದ ಅದಕ್ಕೆ ತಿರುಗಿಸಿದೆ. ಸುತ್ತಾಟ ನಿಂತಿತು. ಬ್ರೌಸರಿನ ಕ್ಯಾಶ್, ಅಂದರೆ ಅದು ನೆನಪಿಟ್ಟುಕೊಂಡಿದ್ದನ್ನು, ಅಳಿಸಿದರೂ ಆಗುತ್ತಿತ್ತು, ಆದರೆ ಅದನ್ನು ಫೋನಿನಲ್ಲಿ ಎಪ್ಪತ್ತು ದಾಟಿದವರಿಗೆ ಒಬ್ಬೊಬ್ಬರಾಗಿ ಹೇಳಿಕೊಡುವ ತಾಳ್ಮೆ ನನಗಿರಲಿಲ್ಲ.

ಈಗ ಇಂಥ ಕೋಡ್ ಬರೆದರೆ 302 ಬಿಟ್ಟು ಕದಲುವುದಿಲ್ಲ. ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಮೊದಲು ಲಾಗಿನ್ ಆಗದೆ, ಆಮೇಲೆ ಸಾಮಾನ್ಯ ಸದಸ್ಯನಾಗಿ ಅದೇ ಮುಖಪುಟ ತೆರೆದು ನೋಡುತ್ತೇನೆ. ಮೇಷ್ಟ್ರು ಮಾತ್ರ ಇಂದಿಗೂ ಮುಖಪುಟವನ್ನು ಒತ್ತುವುದಿಲ್ಲ. ಹೊಸ ವಿಳಾಸವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.